ನಿಮಗಿದು ಗೊತ್ತೆ? ಹೆಪ್ಪಿನ ಚಮಚದೊಳಗಿನ ವಿಕಾಸ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮನೆಗಳಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿಗಳಿಗೆ ಜೊತೆಯಾಗುವ ಕೆನೆಮೊಸರಿಗಾಗಿ ಗೃಹಿಣಿಯು ನಿನ್ನೆಯ ಮೊಸರಿನ ಒಂದು ಚಮಚವನ್ನು ಇಂದಿನ ಹಾಲಿಗೆ ಬೆರೆಸುವಾಗ, ಸೂಕ್ಷ್ಮಜೀವಿಗಳ ವಿಕಾಸವನ್ನು ಕಣ್ಣಾರೆ ಕಾಣಬಯಸುವ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಅನುಸರಿಸುವ ಕ್ರಮವನ್ನೇ ಆಕೆಯೂ ಅನುಸರಿಸುತ್ತಾಳೆ. ಹೆಪ್ಪು ಹಾಲಿನ ನೂರರಲ್ಲೊಂದು ಭಾಗವಾದರೆ, ಅದರೊಳಗಿನ ಜೀವಾಣುಗಳು ಮೊದಲಿನ ಸಾಂದ್ರತೆಯನ್ನು ಮುಟ್ಟಲು ಸುಮಾರು 6.6 ತಲೆಮಾರುಗಳು ಕಳೆಯಬೇಕು.

1988ರ ಫೆಬ್ರವರಿ 24ರಂದು ಅಮೆರಿಕದ ವಿಜ್ಞಾನಿ ರಿಚರ್ಡ್ ಲೆನ್‌ಸ್ಕಿಯವರು 12 ಕುಪ್ಪಿಗಳಲ್ಲಿ ಇ. ಕೋಲಿ ಎಂಬ ಜೀವಾಣುವನ್ನು ಬೆಳೆಸತೊಡಗಿದುದು ಇದೇ ಲೆಕ್ಕದಿಂದ. ಸುಮಾರು 31,000 ತಲೆಮಾರುಗಳ ತರುವಾಯ ಒಂದು ಕುಪ್ಪಿಯ ಸಂತತಿಯು, ಆಮ್ಲಜನಕವಿರುವೆಡೆ ಆ ಜಾತಿಗೆ ಅಗ್ರಾಹ್ಯವೆನಿಸಿದ್ದ ಸಿಟ್ರೇಟನ್ನು, ಎಂದರೆ ನಮ್ಮ ಇಂಡಿಯ ಲಿಂಬೆಗೆ ಹುಳಿಯನ್ನೀಯುವ ಆಮ್ಲದ ಲವಣವನ್ನು, ಉಣ್ಣಲು ಕಲಿತಿತು!

ಆದರೆ ನಮಗೆ ಇನ್ನೂ ಆಪ್ತವಾದುದು ನೆದರ್ಲೆಂಡ್ಸಿನ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಪ್ರಯೋಗ: ಮೊಳಕೆಯೊಡೆದ ಹೆಸರುಕಾಳಿನಲ್ಲಿ ದೊರೆತ ಲ್ಯಾಕ್ಟೋಕಾಕಸ್ ಜೀವಾಣುವನ್ನು 1,000 ತಲೆಮಾರುಗಳ ಕಾಲ ಹಾಲಿನಲ್ಲಿಯೇ ಸಾಕಲು, ವಂಶವಾಹಿಗೆ ಯಾರೊಬ್ಬರೂ ಕೈಯಿಕ್ಕದೆಯೇ ಅದು ಹಾಲಿಗೆ ಒಗ್ಗಿ, ಶೀಘ್ರವಾಗಿ ಬೆಳೆದು, ಅನಾದಿಯಿಂದ ಹೈನಿನಲ್ಲಿ ಬಾಳಿದ ತನ್ನ ಬಂಧುಗಳ ಲಕ್ಷಣಗಳನ್ನು ತಾಳತೊಡಗಿತು.