ಚನ್ನಪಟ್ಟಣದ ಮಣಿ, ಹಾರೋಹಳ್ಳಿಯ ಪರಮಾಣು

“ಸಾರ್, ಅಣುಬಾಂಬ್ ಅಂದ್ರೆ ಮಾಲಿಕ್ಯೂಲ್ ಬಾಂಬಾ?”

ಕೇಳಿದ್ದು ಮೂರನೇ ಬೆಂಚಿನ ಹುಡುಗ, ಅದೂ ನನ್ನನ್ನು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಬಗಲಿನ ಸರ್ಕಾರಿ ಪ್ರೌಢಶಾಲೆಯೊಂದರ ಒಂಬತ್ತನೇ ತರಗತಿಯಲ್ಲಿ ತೆಪ್ಪಗೆ ಕೂತು ಪಾಠ ಕೇಳಿ ಬರೋಣ ಎಂದು ಹೋಗಿದ್ದೆ. “ಇವರು ಪೇಪರ್‌ನವರು, ಎಲ್ಲಾ ಗೊತ್ತಿರುತ್ತೆ” ಎಂದು ವಿಜ್ಞಾನದ ಮೇಡಂ ಪರಿಚಯಿಸಿದ್ದೇ ಎಡವಟ್ಟಾಯಿತು. ಹುಡುಗನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಪಠ್ಯದಲ್ಲಿ ಅಣು ಎಂದರೆ ಮಾಲಿಕ್ಯೂಲ್, ಪರಮಾಣು ಎಂದರೆ ಆಟಂ. ನಾವು ಪತ್ರಿಕೆಯವರೋ ತಲೆಬರಹದಲ್ಲಿ ಎರಡಕ್ಷರ ಉಳಿಸುವ ಆಸೆಗೆ ಅಣುಬಾಂಬ್, ಅಣು ಒಪ್ಪಂದ, ಕೈಗಾ ಅಣುಸ್ಥಾವರ ಎಂದು ಬರೆದುಕೊಂಡೇ ಬಂದಿದ್ದೇವೆ. ಮೈಸೂರಿನಲ್ಲಿ ರಸಾಯನ ವಿಜ್ಞಾನ ಕಲಿಸುತ್ತಿದ್ದ ಜೆ.ಆರ್. ಲಕ್ಷ್ಮಣರಾವ್ ತಮ್ಮ ಪುಸ್ತಕಕ್ಕೆ ‘ಪರಮಾಣು ಚರಿತ್ರೆ’ ಎಂದೇ ಹೆಸರಿಟ್ಟಿದ್ದರು. ಮೇಷ್ಟ್ರುಗಳಿಗೆ ಇರುವ ಈ ಎಚ್ಚರ ನಮಗೆ ಬರಲಿಲ್ಲ. ಮೇಡಂ ಹಲಗೆಯ ಮೇಲೆ ‘ಅಣುಬಾಂಬ್’ ಎಂದು ಬರೆದು, ಅದರ ಮೇಲೆ ಅಡ್ಡಗೀಟು ಎಳೆದು, ನನ್ನ ಕಡೆ ಒಮ್ಮೆ ನೋಡಿ ಪಾಠ ಮುಂದುವರಿಸಿದರು.

ಕನಕಪುರ ರಸ್ತೆಯಲ್ಲಿ ಓಡಾಡಿದವರಿಗೆ ಹಾರೋಹಳ್ಳಿಯನ್ನು ಪರಿಚಯಿಸಬೇಕಿಲ್ಲ. ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಗಿದೆ, ಜನರ ಬಾಯಲ್ಲಿ ಇನ್ನೂ ರಾಮನಗರವೇ. ಹೆದ್ದಾರಿಯಿಂದ ಒಳಕ್ಕೆ ತಿರುಗಿದರೆ ಶೆಡ್ಡು, ಗೇಟು, ತೂಕದ ಸೇತುವೆ, ಸಾಲುಗಟ್ಟಿ ನಿಂತ ಲಾರಿ. ಅಡುಗೆಮನೆಯ ಸ್ಟೌವು, ಕುಕ್ಕರು ಮಾಡುವ ಸ್ಟೋವ್‌ಕ್ರಾಫ್ಟ್ ಇರುವುದೂ ಇಲ್ಲೇ, ಮೇಡಮಾರನಹಳ್ಳಿಯಲ್ಲಿ. ಈ ತರಗತಿಯ ಬಹುಪಾಲು ಮಕ್ಕಳ ಮನೆಯಲ್ಲಿ ಯಾರಾದರೊಬ್ಬರು ಯಾವುದಾದರೊಂದು ಶಿಫ್ಟಿಗೆ ಹೋಗುವವರು. ಹಾಜರಿ ಪುಸ್ತಕದಲ್ಲಿ ಕಲಬುರಗಿ ಕಡೆಯ ಹೆಸರುಗಳಿದ್ದವು, ಒಡಿಶಾದ ಹೆಸರೂ ಒಂದಿತ್ತು.

‘ಪರಮಾಣುವಿನ ರಚನೆ’ ಎಂಬ ಅಧ್ಯಾಯವನ್ನು ನಾವೂ ಓದಿ ಬಂದವರೇ. ಥಾಮ್ಸನ್ ಎಂದರೆ ಕಲ್ಲಂಗಡಿ, ರುದರ್‌ಫೋರ್ಡ್ ಎಂದರೆ ಚಿನ್ನದ ತಗಡು, ಬೋರ್ ಎಂದರೆ ಉಂಗುರ ಉಂಗುರ. ಥಾಮ್ಸನ್ನನ ಮಾದರಿಗೆ ಪಠ್ಯ ಮೊದಲು ಕೊಡುವ ಹೋಲಿಕೆ ಕ್ರಿಸ್‌ಮಸ್ ಪುಡಿಂಗ್. ಅದನ್ನು ತಿಂದವರು ಈ ತರಗತಿಯಲ್ಲಿ ಯಾರೂ ಇರಲಿಲ್ಲ, ನಾನೂ ತಿಂದಿಲ್ಲ. ಆಮೇಲೆ ಬರುವ ಕಲ್ಲಂಗಡಿ ವಾಸಿ. ಕೆಂಪು ತಿರುಳು ಧನ ವಿದ್ಯುತ್ತು, ಕರಿಬೀಜ ಎಲೆಕ್ಟ್ರಾನು. ಇನ್ನು ಕಣಾದ ಮಹರ್ಷಿಯ ಪ್ರಸ್ತಾಪ. ನಮ್ಮವರೇ ಮೊದಲು ಹೇಳಿದ್ದು ಎಂಬ ಮಾತಿಗೆ ನನಗೆ ಅಷ್ಟು ಉತ್ಸಾಹವಿಲ್ಲ. ಒಡೆಯುತ್ತಾ ಹೋದರೆ ಕೊನೆಗೆ ಏನುಳಿಯುತ್ತದೆ ಎಂದು ಕಣಾದ ಕೇಳಿದ್ದು ದೊಡ್ಡ ಪ್ರಶ್ನೆಯೇ. ಹಾಗೆ ಉಳಿದದ್ದರ ತೂಕ ಎಷ್ಟು ಎಂದು ಕೇಳಿದವನು ಮಾತ್ರ ಡಾಲ್ಟನ್. ರಸಾಯನ ಶಾಸ್ತ್ರ ಶುರುವಾಗುವುದು ತಕ್ಕಡಿಯಿಂದ.

ನಾನು ಹೋದದ್ದು ಈ ಅಧ್ಯಾಯಕ್ಕಲ್ಲ, ಮೇಡಂ ಬಳಿ ಇರುವ ಒಂದು ಬೋರ್ನ್‌ವಿಟಾ ಡಬ್ಬಕ್ಕೆ. ಮುಚ್ಚಳ ತೆಗೆದು ಮೇಜಿನ ಮೇಲೆ ಬೋರಲು ಹಾಕಿದರು. ಕೆಂಪು, ಹಳದಿ, ಕಪ್ಪು, ಹಸಿರು, ಬಿಳಿ ಮರದ ಮಣಿಗಳು ಚಟಪಟ ಉರುಳಿ ಅರ್ಧ ನೆಲದ ಪಾಲಾದವು. ಚನ್ನಪಟ್ಟಣದ ಮಾಲು. ಬಣ್ಣ ಸರಿಯಾಗಿ ಕೂರದೆ ಪಕ್ಕಕ್ಕೆ ತೆಗೆದಿಟ್ಟವನ್ನು ಅವರು ತೂಕಕ್ಕೆ ತಂದಿದ್ದಾರೆ. ಪಾಲಿಶ್ ಎಷ್ಟಿತ್ತೆಂದರೆ ಕರಿಮಣಿಯ ಮೇಲೆ ಕಿಟಕಿಯ ಸರಳುಗಳು ಪುಟ್ಟದಾಗಿ ಬಾಗಿ ಕಾಣುತ್ತಿದ್ದವು. ಕರಿಯದು ಇಂಗಾಲ, ಕೆಂಪು ಆಮ್ಲಜನಕ, ಬಿಳಿಯದು ಜಲಜನಕ. ಮಕ್ಕಳು ಕಡ್ಡಿ ಚುಚ್ಚಿ ಎರಡು ನಿಮಿಷದಲ್ಲಿ ನೀರು ಕಟ್ಟಿದರು.

ಈ ಡಬ್ಬ ನನ್ನನ್ನು ಎಲ್ಲಿಗೆ ಎಳೆಯಿತು ಎಂಬುದನ್ನು ತುಸು ವಿಸ್ತಾರವಾಗಿಯೇ ಹೇಳಬೇಕು, ಓದುಗರು ಕ್ಷಮಿಸಬೇಕು. ಮರದ ಗುಂಡಿನಲ್ಲಿ ಪರಮಾಣು ತೋರಿಸುವ ಉಪಾಯ ಮೇಡಂ ಅವರದಲ್ಲ, ಸ್ವತಃ ಡಾಲ್ಟನ್ನನದು. ನೇಕಾರನ ಮಗ, ಹನ್ನೆರಡರ ವಯಸ್ಸಿಗೇ ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾದವನು, ಮ್ಯಾಂಚೆಸ್ಟರಿಗೆ ಬಂದ ಮೇಲೂ ಮನೆಪಾಠ ಹೇಳಿಯೇ ಹೊಟ್ಟೆ ಹೊರೆದವನು. 1808ರಲ್ಲಿ ಸಿದ್ಧಾಂತದ ಪುಸ್ತಕ ಬಂತು. 1810ರ ಸುಮಾರಿಗೆ ಅವನ ಗೆಳೆಯ, ಹತ್ತಿ ಗಿರಣಿಯ ಎಂಜಿನಿಯರ್ ಪೀಟರ್ ಈವರ್ಟ್, ಪಾಠಕ್ಕೆಂದು ಅಂಗುಲ ಗಾತ್ರದ ಮರದ ಗುಂಡುಗಳನ್ನು ಮಾಡಿಸಿಕೊಟ್ಟ. ಪರಮಾಣುವಿಗೆ ಕೈಗೆ ಸಿಗುವ ರೂಪ ಬಂದದ್ದು ಹೀಗೆ, ಒಬ್ಬ ಗಿರಣಿ ಎಂಜಿನಿಯರನ ದೆಸೆಯಿಂದ.

ಆ ಗುಂಡುಗಳು ಎಷ್ಟು ಪರಿಣಾಮಕಾರಿಯಾಗಿದ್ದವು ಎಂಬುದಕ್ಕೆ ಅದೇ ಊರಿನ ರಸಾಯನ ವಿಜ್ಞಾನಿ ಹೆನ್ರಿ ರಾಸ್ಕೋ ಒಂದು ಕತೆ ಹೇಳುತ್ತಿದ್ದ. ಪರಮಾಣು ಎಂದರೇನು ಎಂದು ಕೇಳಿದ್ದಕ್ಕೆ ಒಬ್ಬ ದಡ್ಡ ವಿದ್ಯಾರ್ಥಿ, ಅವು ಡಾಲ್ಟನ್ ಸಾಹೇಬರು ಕಂಡುಹಿಡಿದ ಗುಂಡನೆಯ ಮರದ ತುಂಡುಗಳು ಎಂದನಂತೆ. ಆ ಹುಡುಗ ದಡ್ಡನೆಂದು ನನಗೇನೂ ಅನ್ನಿಸುವುದಿಲ್ಲ.

ಬಣ್ಣದ ಕತೆ ಇನ್ನೂ ಸ್ವಾರಸ್ಯ. ಡಾಲ್ಟನ್ನನಿಗೆ ಬಣ್ಣಗುರುಡು. ಅದರ ಬಗ್ಗೆ 1794ರಲ್ಲೇ ಪ್ರಬಂಧ ಓದಿದ್ದ, ತಾನು ಸತ್ತ ಮೇಲೆ ಕಣ್ಣುಗಳನ್ನು ಪರೀಕ್ಷಿಸಿ ಎಂದೂ ಹೇಳಿಟ್ಟಿದ್ದ. ಉಳಿಸಿಟ್ಟ ಆ ಕಣ್ಣಿನ ಚೂರಿನಿಂದ 1995ರಲ್ಲಿ ಡಿಎನ್‌ಎ ತೆಗೆದು ನೋಡಿದಾಗ ಹಸಿರು ಗ್ರಹಿಸುವ ಅಂಶವೇ ಇಲ್ಲದ್ದು ಖಾತ್ರಿಯಾಯಿತು. ಮೇಡಂ ಡಬ್ಬದಲ್ಲಿನ ಕೆಂಪು ಮಣಿಗೂ ಹಸಿರು ಮಣಿಗೂ ಅವನು ಫರಕು ಕಾಣುತ್ತಿರಲಿಲ್ಲ. ಈ ಬಣ್ಣಗಳ ಪದ್ಧತಿ ಹಾಕಿದವನು ಹಾಫ್‌ಮನ್ ಎಂಬ ಜರ್ಮನ್. 1865ರಲ್ಲಿ ಲಂಡನ್ನಿನ ಉಪನ್ಯಾಸವೊಂದಕ್ಕೆ ಹುಲ್ಲುಹಾಸಿನ ಮೇಲಾಡುವ ಕ್ರೋಕೆ ಆಟದ ಮರದ ಚೆಂಡುಗಳನ್ನೇ ತಂದ. ಇಂಗಾಲಕ್ಕೆ ಕಪ್ಪು, ಆಮ್ಲಜನಕಕ್ಕೆ ಕೆಂಪು, ಸಾರಜನಕಕ್ಕೆ ನೀಲಿ, ಕ್ಲೋರಿನ್ನಿಗೆ ಹಸಿರು, ಜಲಜನಕಕ್ಕೆ ಬಿಳಿ. ಇವತ್ತು ಕಂಪ್ಯೂಟರ್ ಪರದೆಯ ಮೇಲೆ ತಿರುಗುವ ಅಣುಗಳೂ ಅದೇ ಬಣ್ಣದವು. ಆಟದ ಸಾಮಾನಿನಿಂದ ಹೊರಟದ್ದು ಆಟಿಕೆಯ ಊರಿಗೇ ಬಂದು ಸೇರಿತಲ್ಲ ಎಂಬ ಖುಷಿಗೆ ಮರುವಾರ ಚನ್ನಪಟ್ಟಣಕ್ಕೂ ಹೋಗಿಬಂದೆ. ಹಾಲೆ ಮರದ ಬೆಳ್ಳನೆಯ ತುಂಡು ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾರೆ, ಉಳಿ ತಾಗಿದ ಕಡೆ ಸುರುಳಿ ಸುರುಳಿ ಹೊಟ್ಟು ಹಾರುತ್ತದೆ, ತುಂಡು ನೋಡನೋಡುತ್ತ ಗುಂಡಗಾಗುತ್ತದೆ. ಆಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ಕೇದಗೆಯ ಎಲೆ ಹಿಡಿದು ಉಜ್ಜಿದರೆ ಹೊಳಪು. “ಇದು ಆಕ್ಸಿಜನ್” ಎಂದು ಕೆಂಪು ಮಣಿ ತೋರಿಸಿದೆ. ಕುಶಲಕರ್ಮಿ ತಲೆಯೆತ್ತದೆ, “ಕತ್ತಿನ ಸರಕ್ಕೂ ಆಗುತ್ತೆ” ಎಂದರು.

ತರಗತಿಗೆ ಮರಳೋಣ. ಮಣಿ ಕೈಗೆ ಬಂದದ್ದೇ ತಡ, ತಂಟೆಯೂ ಬಂತು. ಆಮ್ಲಜನಕ ಕೆಂಪಗಿದ್ದರೆ ಗಾಳಿ ಯಾಕೆ ಕಾಣುವುದಿಲ್ಲ ಎಂದಳು ಒಬ್ಬಳು. ದ್ರವ ಮಾಡಿದರೆ ಆಮ್ಲಜನಕ ತೆಳು ನೀಲಿ ಕಾಣುತ್ತದೆ, ಒಂದೇ ಪರಮಾಣುವಿಗೆ ಕೆಂಪೂ ಇಲ್ಲ ನೀಲಿಯೂ ಇಲ್ಲ ಎಂದರು ಮೇಡಂ. ಇಂಗಾಲ ಕಪ್ಪಾದರೆ ವಜ್ರವೇಕೆ ಹೊಳೆಯುತ್ತದೆ ಎಂಬ ಮುಂದಿನ ಪ್ರಶ್ನೆಗೆ ಅವರು ಕಾದಿದ್ದವರಂತೆ ಒಂದು ಮಣಿ ಎತ್ತಿ ಕಣ್ಣಿಗೆ ಹಿಡಿದು, ತೂತಿನಲ್ಲಿ ಮಕ್ಕಳನ್ನು ನೋಡಿದರು. “ಇದರಲ್ಲಿ ದೊಡ್ಡ ಸುಳ್ಳು ಬಣ್ಣ ಅಲ್ಲ. ಈ ತೂತು.” ಮಣಿಯ ನಟ್ಟನಡುವೆ ಖಾಲಿ, ಸುತ್ತ ಗಟ್ಟಿ. ಪರಮಾಣು ಇದಕ್ಕೆ ತದ್ವಿರುದ್ಧ. ತೂಕವೆಲ್ಲ ನಡುವೆ, ಸುತ್ತ ಹೆಚ್ಚುಕಮ್ಮಿ ಬಯಲು. ಮಾದರಿ ತೋರಿಸುವ ಮೇಷ್ಟ್ರುಗಳನ್ನು ಬೇಕಾದಷ್ಟು ನೋಡಿದ್ದೇನೆ. ಮಕ್ಕಳಿಗೆ ಅದು ಇಷ್ಟವಾದ ಗಳಿಗೆಯಲ್ಲೇ ಕೈಯಿಂದ ಕಸಿದು, ಎಲ್ಲಿ ಮೋಸ ಮಾಡುತ್ತದೆ ಎಂದು ತೋರಿಸುವವರು ಅಪರೂಪ.

ಮಣಿ ಡಬ್ಬಕ್ಕೆ ಹೋಯಿತು, ಮಕ್ಕಳು ಮೈದಾನಕ್ಕೆ. ಧ್ವಜಸ್ತಂಭದ ಬುಡದಲ್ಲಿ ಮೇಡಂ ಒಂದು ರಾಗಿ ಕಾಳಿಟ್ಟರು. ಕಾಳಿನ ಅಡ್ಡಳತೆ ಸುಮಾರು ಒಂದೂವರೆ ಮಿಲಿಮೀಟರ್. ಬೀಜಕೇಂದ್ರಕ್ಕಿಂತ ಪರಮಾಣು ಲಕ್ಷ ಪಟ್ಟು ದೊಡ್ಡದು ಎಂಬ ಪಠ್ಯದ ಲೆಕ್ಕದಂತೆ 150 ಮೀಟರ್, ಅಂದರೆ ಕಾಳಿನಿಂದ ಯಾವ ದಿಕ್ಕಿಗೆ ನಡೆದರೂ 75 ಮೀಟರ್. ಎಲೆಕ್ಟ್ರಾನ್ ಆದ ಹುಡುಗಿ ಹೆಜ್ಜೆ ಎಣಿಸುತ್ತಾ ಹೊರಟಳು. ಮೈದಾನ ಮುಗಿಯಿತು, ಗೇಟು ದಾಟಿತು. “ಸಾಕು ನಿಲ್ಲೇ, ಲಾರಿ ಬರುತ್ತೆ!” ಎಂದು ಹಿಂದಿನಿಂದ ಕೂಗು. ಅಷ್ಟು ದೂರದಿಂದ ಅವಳಿಗೆ ರಾಗಿ ಕಾಣಿಸಲು ಸಾಧ್ಯವೇ ಇರಲಿಲ್ಲ. ಇಲ್ಲಿ ಇಟ್ಟ ಕಾಳನ್ನು ಅಷ್ಟರಲ್ಲಿ ಇರುವೆ ಎಳೆದೊಯ್ದಿತ್ತೋ ಏನೋ, ನಮಗೂ ಕಾಣಲಿಲ್ಲ.

ಇತಿಹಾಸವನ್ನು ಮೇಡಂ ಹತ್ತು ನಿಮಿಷದಲ್ಲಿ ಮುಗಿಸಿದರು, ನಾನೂ ಹಾಗೇ ಮಾಡುತ್ತೇನೆ. 1897ರಲ್ಲಿ ಥಾಮ್ಸನ್ ಎಲೆಕ್ಟ್ರಾನ್ ಕಂಡ. 1909ರಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ತಗಡಿಗೆ ಆಲ್ಫಾ ಕಣ ಹೊಡೆದರು, ಸಾವಿರಾರರಲ್ಲಿ ಒಂದು ಹಿಂದಕ್ಕೆ ಪುಟಿಯಿತು. 1911ರಲ್ಲಿ ರುದರ್‌ಫೋರ್ಡ್ ಅದಕ್ಕೆ ಕಾರಣ ಹೇಳಿದ. 1913ರಲ್ಲಿ ಬೋರ್ ಕವಚಗಳನ್ನಿಟ್ಟ. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನ್ ಹಿಡಿದ. ಈ ಪಟ್ಟಿಯನ್ನು ಎಷ್ಟು ಸಲ ಓದಿದ್ದರೂ ನನ್ನ ತಲೆಗೆ ಹೊಳೆಯದಿದ್ದ ಒಂದು ಸಂಗತಿ ಅವತ್ತು ಹೊಳೆಯಿತು. ಡಾಲ್ಟನ್ ಪಾಠ ಹೇಳಿದ್ದು ಮ್ಯಾಂಚೆಸ್ಟರಿನಲ್ಲಿ. ಥಾಮ್ಸನ್ ಹುಟ್ಟಿದ್ದು ಅಲ್ಲಿ. ತಗಡಿನ ಪ್ರಯೋಗ ನಡೆದದ್ದು ಅಲ್ಲಿ. ಬೋರ್ 1912ರಲ್ಲಿ ರುದರ್‌ಫೋರ್ಡನ ಬಳಿ ಕೆಲಸಕ್ಕೆ ಬಂದದ್ದೂ ಅಲ್ಲಿಗೇ, ಚಾಡ್ವಿಕ್ ಓದಿದ್ದೂ ಅಲ್ಲೇ. ಅಧ್ಯಾಯದ ನಾಯಕರೆಲ್ಲ ಹೊಗೆ ಕಾರುವ ಒಂದು ಗಿರಣಿ ಊರಿನ ನೀರು ಕುಡಿದವರು. ಕೈಗಾರಿಕಾ ಪ್ರದೇಶದ ಮಕ್ಕಳಿಗೆ ವಿಜ್ಞಾನ ಎಲ್ಲಿಂದ ಹತ್ತಬೇಕು ಎಂದು ಮೂಗು ಮುರಿಯುವವರು ಇದನ್ನು ಗಮನಿಸಬಹುದು.

ಬೋರನ ಕವಚಗಳ ಬಗ್ಗೆ ಪಠ್ಯದ ಮೇಲೆ ನನ್ನದೊಂದು ತಕರಾರಿದೆ. ಎರಡು, ಎಂಟು, ಹದಿನೆಂಟು ಎಂದು ಬಾಯಿಪಾಠ ಮಾಡಿಸುತ್ತದೆ. ಧಾತುಗಳು ಕೆಲವೇ ಬಣ್ಣದ ಗೆರೆಗಳಲ್ಲಿ ಬೆಳಕು ಚೆಲ್ಲುತ್ತವೆ, ಬೋರ್ ಆ ಗೆರೆಗಳ ಲೆಕ್ಕ ಹೊಂದಿಸಿದ್ದಕ್ಕೇ ಜಗತ್ತು ಅವನನ್ನು ನಂಬಿತು ಎಂಬ ಸುದ್ದಿಯೇ ನಾನು ತಿರುವಿ ನೋಡಿದ ಅಧ್ಯಾಯದಲ್ಲಿಲ್ಲ. ಗೆರೆ ತೋರಿಸದೆ ಕವಚ ಕಲಿಸುವುದು ವಧು-ವರರಿಲ್ಲದ ಛತ್ರ. ಮೇಡಂ ಇದಕ್ಕೆ ಶಾಲೆ ಬಿಟ್ಟ ಮೇಲೆ ಒಂದು ದಾರಿ ಮಾಡಿಕೊಂಡಿದ್ದಾರೆ. ಶೂ ಡಬ್ಬದ ಒಂದು ಬದಿಗೆ ಬ್ಲೇಡಿನಲ್ಲಿ ಕೊಯ್ದ ಸೀಳು, ಒಳಗೆ ಓರೆಯಾಗಿ ನಿಲ್ಲಿಸಿದ ಹಳೇ ಸೀಡಿ, ಮೇಲೆ ಇಣುಕಲು ಕಿಂಡಿ. ಸೀಡಿಯ ಮೇಲೆ ಮಿಲಿಮೀಟರಿಗೆ 625 ಸಾಲುಗಳಿವೆ, ಬೆಳಕನ್ನು ಬಿಡಿಸಲು ಅಷ್ಟು ಸಾಕು.

ಮುಸ್ಸಂಜೆಗೆ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿ ಒಂದು ಕಾಂಪೌಂಡಿನ ಮುಂದೆ ನಿಂತೆವು. ಸುತ್ತ ಎಲ್ಲ ಎಲ್‌ಇಡಿ. ಡಬ್ಬದಲ್ಲಿ ನೋಡಿದರೆ ಕಾಮನಬಿಲ್ಲು ಬೆಣ್ಣೆ ಸವರಿದ ಹಾಗೆ, ಗೆರೆ ಎಂಬುದಿಲ್ಲ. ಮೂಲೆಯಲ್ಲಿ ಮಾತ್ರ ಹಳೆಯ ಕಾಲದ ಸೋಡಿಯಂ ದೀಪವೊಂದು ಉಳಿದಿದೆ. ಹೊತ್ತಿಕೊಂಡ ಹೊಸದರಲ್ಲಿ ಡಬ್ಬದೊಳಗೆ ಹಳದಿಯ ಒಂದೇ ಗೆರೆ, ಅರಿಶಿನದ ದಾರದಂತೆ. ದೀಪ ಕಾಯುತ್ತಾ ಬಂದಂತೆ ದಾರ ದಪ್ಪಗಾಯಿತು, ಪಕ್ಕಪಕ್ಕದಲ್ಲಿ ಹಸಿರು ನೀಲಿಯೂ ಬಂದವು, ಕೊನೆಗೆ ಹಳದಿಯ ನಟ್ಟನಡುವೆ ಕಪ್ಪು ಸೀಳು ಮೂಡಿತು. ದೀಪದ ಅಂಚಿನ ತಣ್ಣನೆಯ ಸೋಡಿಯಂ ಆವಿ ತನ್ನದೇ ಬಣ್ಣವನ್ನು ನುಂಗಿಕೊಳ್ಳುವ ಜಾಗ ಅದು, 589 ನ್ಯಾನೊಮೀಟರ್. ಸಾರು ಉಕ್ಕಿ ಸ್ಟೌವಿನ ಮೇಲೆ ಚೆಲ್ಲಿದಾಗ ನೀಲಿ ಉರಿ ಹಳದಿಯಾಗುವುದೂ ಉಪ್ಪಿನಲ್ಲಿರುವ ಇದೇ ಸೋಡಿಯಮ್ಮಿನಿಂದ ಎಂದರು ಮೇಡಂ. ಬೆಳಿಗ್ಗೆ ಬಾಂಬಿನ ಪ್ರಶ್ನೆ ಕೇಳಿದ್ದ ಹುಡುಗ ಡಬ್ಬ ಬಿಟ್ಟುಕೊಡಲೇ ಇಲ್ಲ, ಹಿಂದಿನವರು ಅಂಗಿ ಹಿಡಿದೆಳೆಯಬೇಕಾಯಿತು.

ಡಬ್ಬ ಇದ್ದದ್ದು ಮೂರೇ. ಸೀಡಿ ಈಗ ಅಂಗಡಿಯಲ್ಲಿ ಸಿಗುವುದು ಕಷ್ಟ. ನಿಮ್ಮ ಅಟ್ಟದಲ್ಲಿ ಹಳೆಯ ಸಿನಿಮಾ, ಭಕ್ತಿಗೀತೆಯ ಸೀಡಿಗಳಿದ್ದರೆ ಗುಜರಿಗೆ ಹಾಕಬೇಡಿ, ಹತ್ತಿರದ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಕೊಟ್ಟು ಬನ್ನಿ. ಗೀರು ಬಿದ್ದಿದ್ದರೂ ನಡೆಯುತ್ತದೆ. ಡಬ್ಬವನ್ನು ಸೂರ್ಯನ ಕಡೆಗೆ ಮಾತ್ರ ತಿರುಗಿಸಕೂಡದು ಎಂದು ಮಕ್ಕಳಿಗೆ ಹೇಳುವುದನ್ನು ಮರೆಯಬೇಡಿ.