ತಾಯಿಯ ಕಾಗದಗಳೇ ಕಲೆಯಾದಾಗ

ಲಂಡನ್ನಿನ ಟೇಟ್ ಮಾಡರ್ನ್ ಕಲಾಸಂಗ್ರಹಾಲಯದಲ್ಲಿ 2016ರಲ್ಲಿ ಮೊನಾ ಹಟೂಮ್ ಅವರ ಕೃತಿಗಳ ದೊಡ್ಡ ಪ್ರದರ್ಶನ ನಡೆಯಿತು. ಇಲ್ಲಿರುವ ನಾವು ಮೂರು ಕನ್ನಡ ಕುಟುಂಬದವರು ಟಿಕೆಟ್ ಕೊಂಡು ಹೋಗಿದ್ದೆವು. ಲೆಕ್ಕಪತ್ರದ ಕೆಲಸದ ನಮಗೆ ಆಧುನಿಕ ಕಲೆ ಅಷ್ಟಾಗಿ ತಲೆಗೆ ಹತ್ತುವುದಿಲ್ಲ. ಆದರೂ ಸುಮಾರು ಹದಿನೈದು ನಿಮಿಷದ ಒಂದು ವಿಡಿಯೊ ಮುಂದೆ ಎಲ್ಲರೂ ಕದಲದೆ ನಿಂತೆವು.

ಹಟೂಮ್ ಅವರ ಹೆತ್ತವರು ಪ್ಯಾಲೆಸ್ಟೀನಿನ ಹೈಫಾದವರು. 1948ರಲ್ಲಿ ಊರು ಬಿಟ್ಟು ಲೆಬನಾನಿನ ಬೈರೂತ್ ಸೇರಿದರು. ಮಗಳು ಹುಟ್ಟಿದ್ದು ಅಲ್ಲೇ, 1952ರಲ್ಲಿ. 1975ರಲ್ಲಿ ಆಕೆ ಸ್ವಲ್ಪ ದಿನ ಇದ್ದು ಹೋಗಲೆಂದು ಲಂಡನ್ನಿಗೆ ಬಂದಾಗ ಅಲ್ಲಿ ಅಂತರ್ಯುದ್ಧ ಶುರುವಾಯಿತು. ವಿಮಾನ ನಿಲ್ದಾಣ ಮುಚ್ಚಿತು. ಬಂದವರು ಇಲ್ಲೇ ಉಳಿದರು, ಇಲ್ಲೇ ಕಲೆ ಕಲಿತರು.

ನಾವು ನೋಡಿದ ವಿಡಿಯೊ 1988ರದು. ಹೆಸರು ‘ಮೆಷರ್ಸ್ ಆಫ್ ಡಿಸ್ಟೆನ್ಸ್’, ಅಂದರೆ ದೂರದ ಅಳತೆಗಳು. ಬೈರೂತಿನ ಮನೆಗೆ ಹೋಗಿದ್ದಾಗ ಸ್ನಾನದ ಮನೆಯಲ್ಲಿ ತೆಗೆದ ತಾಯಿಯ ಚಿತ್ರಗಳು ಮಸುಕಾಗಿ ಕಾಣುತ್ತವೆ. ಅವುಗಳ ಮೇಲೆ ತಾಯಿಯ ಕಾಗದಗಳ ಅರಬ್ಬಿ ಬರಹ ಪರದೆಯಂತೆ ಹರಡಿಕೊಂಡಿದೆ. ಹಿಂದೆ ತಾಯಿ ಮಗಳು ಅರಬ್ಬಿಯಲ್ಲಿ ಮಾತಾಡಿ ನಗುವ ಸದ್ದು. ಅದರ ಮೇಲೆ ಮಗಳು ಕಾಗದಗಳನ್ನು ಇಂಗ್ಲಿಷಿನಲ್ಲಿ, ಏರಿಳಿತವಿಲ್ಲದ ದನಿಯಲ್ಲಿ ಓದುತ್ತಾಳೆ. ಆ ಫೋಟೊ ಬೇಕಾದರೆ ಬಳಸಿಕೋ, ಅಪ್ಪನಿಗೆ ಮಾತ್ರ ಹೇಳಬೇಡ ಎಂಬಂಥ ಮನೆಮಾತು. ನಡುವೆ ಹೈಫಾ ಬಿಟ್ಟು ಬಂದ ನೋವು. ಬಾಂಬು, ಹೆಣ ಒಂದನ್ನೂ ತೋರಿಸುವುದಿಲ್ಲ. ಕೊನೆಯ ಕಾಗದದಲ್ಲಿ ತಾಯಿ, ಕಾರ್ ಬಾಂಬಿಗೆ ಅಂಚೆ ಕಚೇರಿಯೇ ನಾಶವಾಯಿತು ಎನ್ನುತ್ತಾಳೆ. ಇನ್ನು ಕಾಗದ ಬರುವುದಿಲ್ಲ. ವಿಡಿಯೊ ಮುಗಿಯುತ್ತದೆ.

ಯುದ್ಧದ ಸುದ್ದಿಯಲ್ಲಿ ನಾವೆಲ್ಲ ಸತ್ತವರ ಸಂಖ್ಯೆ ಓದುತ್ತೇವೆ. ಟಪಾಲು ನಿಂತದ್ದನ್ನು ಯಾರು ಲೆಕ್ಕ ಇಡುತ್ತಾರೆ?

ನಮ್ಮ ಜೊತೆಗಿದ್ದ ಉಡುಪಿ ಕಡೆಯ ಗೆಳತಿ ಹೊರಗೆ ಬಂದು ನದಿದಂಡೆಯ ಬೆಂಚಿನ ಮೇಲೆ ಕುಳಿತುಬಿಟ್ಟರು. ಅವರ ತಂದೆ ಕುವೈತಿನಲ್ಲಿ ಅಂಗಡಿ ಕೆಲಸದಲ್ಲಿದ್ದರು. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಒಳನುಗ್ಗಿತು. ಫೋನ್ ಇಲ್ಲ, ತಂತಿ ಇಲ್ಲ. ವಾರಗಳ ನಂತರ ಅಂಚೆಯಣ್ಣ ಒಂದು ಕಾಗದ ತಂದ. ಓಡಿಹೋಗಿ ಒಡೆದರೆ ಅದು ಜುಲೈಯಲ್ಲಿ ಬರೆದದ್ದು: ದೀಪಾವಳಿಗೆ ಬರುತ್ತೇನೆ, ಮಿಕ್ಸಿ ತರುತ್ತೇನೆ, ಯಾವ ಬಣ್ಣದ ಸೀರೆ ಬೇಕು ಬರೆ. ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲದ ಗಂಡನ ಆ ಪ್ರಶ್ನೆಯನ್ನು ತಾಯಿ ದಿನಾ ಓದುತ್ತಿದ್ದರಂತೆ.

ಅವರು ಸೆಪ್ಟೆಂಬರಿನಲ್ಲಿ ಬಂದರು. ಬಸ್ಸಿನಲ್ಲಿ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನ. ಆ ಕಾರ್ಯಾಚರಣೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಮರಳಿದರು. ಕೈಯಲ್ಲಿದ್ದದ್ದು ಒಂದೇ ಚೀಲ. ಇಷ್ಟು ವರ್ಷದ ಗೆಳೆತನದಲ್ಲಿ ಇದನ್ನು ಅವರು ನಮಗೆ ಹೇಳಿದ್ದು ಅದೇ ಮೊದಲು.

ಅಲ್ಲಿಂದಲೇ ಊರಿಗೆ ಫೋನ್ ಮಾಡಿ, ‘ಅಮ್ಮ, ಅಪ್ಪನ ಆ ಕಾಗದ ಇನ್ನೂ ಉಂಟಾ?’ ಎಂದು ಕೇಳಿದರು.

‘ಕಪಾಟಿನಲ್ಲೇ ಉಂಟು. ಯಾಕೆ ಮಗಾ, ಈಗ?’