ಜೋಡಿ ಸುಡೊಕು: ಎರಡು ಚೌಕಟ್ಟು, ಒಂದೇ ಒಗಟು

ಪತ್ರಿಕೆಯ ಸುಡೊಕುವನ್ನು ದಿನಾ ಬಿಡಿಸುವವರಲ್ಲೂ ಎಷ್ಟೋ ಮಂದಿ ಜೋಡಿ ಸುಡೊಕು ಕಂಡರೆ ಪುಟ ಮಗುಚಿಬಿಡುತ್ತಾರೆ. ಅದು ಪಳಗಿದವರಿಗೆ ಮಾತ್ರ, ನಮಗಲ್ಲ ಎಂಬ ಭಾವನೆ. ಬಿಡಿಸಲು ಕೂತವರಲ್ಲೂ ಹಲವರು ಅರ್ಧಕ್ಕೇ ಕೈಬಿಡುತ್ತಾರೆ. ಬುದ್ಧಿಯ ಕೊರತೆಯಿಂದಲ್ಲ, ಈ ಆಟದ ಬಗ್ಗೆ ಮನಸ್ಸಿನಲ್ಲಿ ಕೂತಿರುವ ನಾಲ್ಕೈದು ತಪ್ಪು ಕಲ್ಪನೆಗಳಿಂದ. ಅವನ್ನು ಬಿಡಿಸಿಕೊಂಡರೆ ಒಂಟಿ ಸುಡೊಕುವಿನಲ್ಲಿ ಎಂದೂ ಸಿಗದ ಒಂದು ಸೊಗಸು ಇಲ್ಲಿ ಕಾಣಸಿಗುತ್ತದೆ.

ಮೊದಲು ರಚನೆ. 9×9 ಮನೆಗಳ ಎರಡು ಚೌಕಟ್ಟುಗಳು ಓರೆಯಾಗಿ ಒಂದರ ಮೂಲೆಯ ಮೇಲೊಂದು ಕೂತಿರುತ್ತವೆ. ಮೇಲಿನ ಚೌಕಟ್ಟಿನ ಬಲ ಕೆಳಮೂಲೆಯ 3×3 ಚೌಕವೇ ಕೆಳಗಿನ ಚೌಕಟ್ಟಿನ ಎಡ ಮೇಲ್ಮೂಲೆಯ ಚೌಕ. ಇದನ್ನು ಜಂಟಿ ಚೌಕ ಎನ್ನೋಣ. 81ಕ್ಕೆ 81 ಕೂಡಿಸಿ, ಎರಡು ಸಲ ಎಣಿಕೆಗೆ ಬಂದ 9 ಮನೆಗಳನ್ನು ಕಳೆದರೆ ಒಟ್ಟು 153 ಮನೆ. ಎರಡೂ ಚೌಕಟ್ಟುಗಳಲ್ಲಿ ಮಾಮೂಲಿ ನಿಯಮವೇ: ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲು, ಪ್ರತಿ 3×3 ಚೌಕದಲ್ಲಿ 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಸಲ. ಐದು ಚೌಕಟ್ಟುಗಳ ಸಮುರಾಯ್ ಸುಡೊಕು ಇದೇ ಕುಟುಂಬದ ದೊಡ್ಡಣ್ಣ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ, "ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಕು" ಎಂಬುದು. ಚೆನ್ನಾಗಿ ಹೆಣೆದ ಜೋಡಿಯಲ್ಲಿ ಹಾಗೆ ಮಾಡಲು ಬರುವುದೇ ಇಲ್ಲ. ಒಂಟಿ ಸುಡೊಕುವಿಗೆ ಒಂದೇ ಉತ್ತರ ಇರಬೇಕಾದರೆ ಕನಿಷ್ಠ 17 ಸುಳಿವಂಕಿ ಬೇಕೇ ಬೇಕು, 16 ಸಾಲದು. ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನ ಗಣಿತಜ್ಞ ಗ್ಯಾರಿ ಮೆಗ್ವೈರ್ ಮತ್ತು ಸಂಗಡಿಗರು 2012ರಲ್ಲಿ ಕಂಪ್ಯೂಟರಿನಿಂದ ಎಲ್ಲ ಸಾಧ್ಯತೆಗಳನ್ನೂ ಜಾಲಾಡಿ ಇದನ್ನು ತೋರಿಸಿದರು. ಜೋಡಿಯಲ್ಲಿ ಒಂದು ಚೌಕಟ್ಟಿಗೆ 17ಕ್ಕಿಂತ ಕಡಿಮೆ ಸುಳಿವು ಕೊಟ್ಟರೂ ನಡೆಯುತ್ತದೆ. ಉಳಿದ ಮಾಹಿತಿ ಜಂಟಿ ಚೌಕದ ಮೂಲಕ ಪಕ್ಕದಿಂದ ಬರುತ್ತದೆ. ಎಷ್ಟು ಕಡಿಮೆ ಮಾಡಬಹುದು? ಜಂಟಿ ಚೌಕ ಪೂರ್ತಿ ತುಂಬಿತೆಂದೇ ಇಟ್ಟುಕೊಳ್ಳಿ, ಅದರಿಂದ ಸಿಗುವುದು 9 ಅಂಕಿ. 17 ತಲುಪಲು ಇನ್ನೂ 8 ಬೇಕು. ಅಂದರೆ ಪ್ರತಿ ಚೌಕಟ್ಟಿನಲ್ಲೂ ಜಂಟಿ ಚೌಕದ ಹೊರಗೆ ಕನಿಷ್ಠ 8 ಸುಳಿವು ಇರಲೇಬೇಕು. ಹೀಗೆ ಸುಳಿವು ಕಡಿಮೆಯಿರುವ ಚೌಕಟ್ಟನ್ನು ಒಂಟಿಯಾಗಿ ಬಿಡಿಸಲು ಹೊರಟವರಿಗೆ ಹಲವು ಉತ್ತರಗಳು ಎದುರಾಗುತ್ತವೆ, ಒಂದೂ ಖಚಿತವಾಗುವುದಿಲ್ಲ. ತಾವು ಸೋತೆವೆಂದು ಅವರು ಅಂದುಕೊಳ್ಳುತ್ತಾರೆ. ಪಾಪ, ಅವರ ಕೈಯಲ್ಲಿದ್ದದ್ದು ಅರ್ಧ ಒಗಟು ಮಾತ್ರ.

ಇನ್ನೊಂದು ನಂಬಿಕೆ ಸಾಲುಗಳದ್ದು. ಜಂಟಿ ಚೌಕವನ್ನು ಹಾದುಹೋಗುವ ಅಡ್ಡಸಾಲು ನೋಡಲು 15 ಮನೆಗಳ ಒಂದೇ ಉದ್ದ ಸಾಲಿನಂತಿರುತ್ತದೆ: ಎಡಕ್ಕೆ ಮೇಲಿನ ಚೌಕಟ್ಟಿನ ಆರು, ನಡುವೆ ಜಂಟಿ ಮೂರು, ಬಲಕ್ಕೆ ಕೆಳಗಿನ ಚೌಕಟ್ಟಿನ ಆರು. "ಈ ಉದ್ದಕ್ಕೂ ಯಾವ ಅಂಕಿಯೂ ಮರುಕಳಿಸಬಾರದು" ಎಂದು ಹೊಸಬರು ತಿಳಿಯುತ್ತಾರೆ. ಸತ್ಯ ಇದಕ್ಕೆ ಪೂರ್ತಿ ವಿರುದ್ಧ. ಇಲ್ಲಿ ಅಂಕಿಗಳು ಮರುಕಳಿಸಲೇಬೇಕು. ಎಡದ ಆರೂ ನಡುವಿನ ಮೂರೂ ಸೇರಿ 1ರಿಂದ 9. ಅದೇ ಮೂರರ ಜೊತೆ ಬಲದ ಆರು ಸೇರಿದರೂ 1ರಿಂದ 9. ಹಾಗಾದರೆ ಎಡದ ಆರು ಮನೆಗಳಲ್ಲಿ ಯಾವ ಅಂಕಿಗಳಿವೆಯೋ ಬಲದ ಆರರಲ್ಲೂ ಅವೇ ಇರಬೇಕು, ಕ್ರಮ ಮಾತ್ರ ಬೇರೆಯಾಗಬಹುದು. ಆರು ಅಂಕಿಗಳು ಎರಡೆರಡು ಸಲ, ಮೂರು ಅಂಕಿಗಳು ಒಂದೇ ಸಲ. ಜಂಟಿ ಚೌಕವನ್ನು ಹಾಯುವ ಮೂರು ಕಂಬಸಾಲುಗಳಿಗೂ ಇದೇ ಮಾತು.

ನನ್ನ ಮಟ್ಟಿಗೆ ಜೋಡಿ ಸುಡೊಕುವಿನ ಜೀವ ಇರುವುದೇ ಇಲ್ಲಿ. ಇದರ ಬಲ ಎಷ್ಟೆಂದು ನೋಡಿ. ಇಂಥ ಒಂದು ಸಾಲಿನ ಎಡಭಾಗದಲ್ಲಿ 1, 4, 7 ಕೊಟ್ಟಿದ್ದಾರೆ, ಬಲಭಾಗದಲ್ಲಿ 2, 5, 8. ಬೇರೆಬೇರೆಯಾಗಿ ನೋಡಿದರೆ ಎರಡೂ ಕಡೆ ಆರಾರು ಮನೆ ಖಾಲಿ, ಹೇಳಿಕೊಳ್ಳುವಂಥದ್ದೇನೂ ಇಲ್ಲ. ಒಟ್ಟಿಗೆ ನೋಡಿದರೆ ಎರಡೂ ಬದಿಯ ಆರು ಅಂಕಿಗಳು 1, 2, 4, 5, 7, 8 ಎಂದು ಗೊತ್ತಾಗಿಹೋಯಿತು. ನಡುವಿನ ಮೂರು ಜಂಟಿ ಮನೆಗಳಿಗೆ ಉಳಿದದ್ದು 3, 6, 9. ಎಡಬದಿಯ ಖಾಲಿ ಮೂರಕ್ಕೆ 2, 5, 8, ಬಲಬದಿಯ ಖಾಲಿ ಮೂರಕ್ಕೆ 1, 4, 7. ಒಂದಂಕಿಯನ್ನೂ ಬರೆಯುವ ಮೊದಲೇ ಇಡೀ ಸಾಲು ಮೂರು ತುಂಡಾಗಿ ತೆರೆದುಕೊಂಡಿತು!

"ಜಂಟಿ ಚೌಕವನ್ನೇ ಮೊದಲು ತುಂಬಬೇಕು" ಎನ್ನುವವರೂ ಇದ್ದಾರೆ. ಇದರಲ್ಲಿ ಅರ್ಧ ನಿಜವಿದೆ. ಮಾಮೂಲಿ ಮನೆಯೊಂದರ ಮೇಲೆ ಬೇರೆ 20 ಮನೆಗಳ ನಿರ್ಬಂಧವಿರುತ್ತದೆ: ಅಡ್ಡಸಾಲಿನ 8, ಕಂಬಸಾಲಿನ 8, ಚೌಕದಲ್ಲಿ ಉಳಿದ 4. ಜಂಟಿ ಮನೆಗೆ ಎರಡನೆಯ ಚೌಕಟ್ಟಿನಿಂದ ಇನ್ನೂ 12 ಸೇರಿ 32 ಆಗುತ್ತದೆ. ಆದ್ದರಿಂದ ಅಲ್ಲಿ ಬೇಗ ಉತ್ತರ ಸಿಗಬಹುದು. ಆದರೆ ಒಗಟು ಹೆಣೆಯುವವರಿಗೂ ಇದು ಗೊತ್ತು. ಅದಕ್ಕೇ ಜಂಟಿ ಚೌಕವನ್ನು ಅನೇಕ ಸಲ ಬರಿದಾಗಿ ಬಿಟ್ಟಿರುತ್ತಾರೆ. ಅದು ತುಂಬುವವರೆಗೆ ಕಾಯುವ ಅಗತ್ಯವೂ ಇಲ್ಲ, ಏಕೆಂದರೆ ಅರೆಬರೆ ತಿಳಿವಳಿಕೆಯೂ ಅದನ್ನು ದಾಟಿ ಹೋಗುತ್ತದೆ.

ಉದಾಹರಣೆಗೆ 7ನ್ನು ಹಿಂಬಾಲಿಸಿ. ಕೆಳಗಿನ ಚೌಕಟ್ಟಿನ ಮೊದಲ ಸಾಲಿನಲ್ಲಿ, ಎರಡನೆಯ ಚೌಕದೊಳಗೆ 7 ಕೊಟ್ಟಿದ್ದಾರೆ. ಹಾಗಾಗಿ ಜಂಟಿ ಚೌಕದ ಮೊದಲ ಸಾಲಿನಲ್ಲಿ 7 ಬರದು. ಆ ಸಾಲೇ ಮೇಲಿನ ಚೌಕಟ್ಟಿನ ಏಳನೆಯ ಸಾಲು. ಮೇಲಿನ ಚೌಕಟ್ಟಿನ ಎಡ ಕೆಳಮೂಲೆಯ ಚೌಕದಲ್ಲಿ 7 ಆಗಲೇ ಒಂಬತ್ತನೆಯ ಸಾಲಿನಲ್ಲಿ ಕೂತಿದೆ ಎಂದುಕೊಳ್ಳಿ. ಏಳನೆಯ ಸಾಲಿನ 7ಕ್ಕೆ ಉಳಿದ ಜಾಗ ಕೆಳನಡುವಿನ ಚೌಕ ಮಾತ್ರ. ಆಗ ಜಂಟಿ ಚೌಕದ 7 ಎಂಟನೆಯ ಸಾಲಿಗೆ, ಅಂದರೆ ತನ್ನ ನಡುಸಾಲಿಗೆ ಬಂತು. ಮೂರು ಮನೆಗಳಲ್ಲಿ ಯಾವುದೆಂದು ಇನ್ನೂ ತಿಳಿದಿಲ್ಲ, ಆದರೂ ಕೆಳಗಿನ ಚೌಕಟ್ಟಿಗೆ ಅಷ್ಟೇ ಸಾಕು. ಮೊದಲ ಸಾಲು ಎರಡನೆಯ ಚೌಕಕ್ಕೆ, ಎರಡನೆಯ ಸಾಲು ಜಂಟಿ ಚೌಕಕ್ಕೆ ಹೋಯಿತು. ಬಲ ಮೇಲ್ಮೂಲೆಯ ಚೌಕದ 7 ಮೂರನೆಯ ಸಾಲಿನಲ್ಲೇ ಇರಬೇಕು. ಮೇಲಿನ ಚೌಕಟ್ಟಿನ ಎಡಮೂಲೆಯ ಒಂದು 7, ಕೆಳಗಿನ ಚೌಕಟ್ಟಿನ ಬಲಮೂಲೆಯವರೆಗೆ ಕೈಚಾಚಿದ್ದು ಹೀಗೆ.

"ಕೊನೆಗೆ ಊಹೆ ಮಾಡಲೇಬೇಕಾಗುತ್ತದೆ" ಎಂಬುದೂ ಸುಳ್ಳು. 2006ರಲ್ಲಿ ಇಟಲಿಯ ಲುಕ್ಕಾದಲ್ಲಿ ಶುರುವಾಗಿ 2017ರಲ್ಲಿ ಬೆಂಗಳೂರಿಗೂ ಬಂದ ವಿಶ್ವ ಸುಡೊಕು ಚಾಂಪಿಯನ್‌ಶಿಪ್‌ನಂಥ ಕಡೆ, ಗಡಿಯಾರದ ಎದುರು ಕೂತವರು ಒಮ್ಮೊಮ್ಮೆ ಊಹೆಯ ಹಾದಿ ಹಿಡಿಯುವುದುಂಟು, ಅದು ಸಮಯದ ಲೆಕ್ಕಾಚಾರ. ಮನೆಯಲ್ಲಿ ಕೂತು ಆಡುವವರಿಗೆ ಅದು ಬೇಡ. ಜೋಡಿಯಲ್ಲಿ ಊಹೆಗೆ ಕಟ್ಟುವ ಬೆಲೆಯೂ ದೊಡ್ಡದು. ಮೇಲೆ ಬರೆದ ಒಂದು ತಪ್ಪಂಕಿ ಜಂಟಿ ಚೌಕದ ಮೂಲಕ ಇಳಿದು, ಎಷ್ಟೋ ಹೊತ್ತಿನ ಮೇಲೆ ಕೆಳಗಿನ ಚೌಕಟ್ಟಿನಲ್ಲಿ ತಲೆಯೆತ್ತುತ್ತದೆ. ನೀವು ತಪ್ಪನ್ನು ಕೆಳಗೇ ಹುಡುಕುತ್ತಾ ಕೂರುತ್ತೀರಿ. ವಿರೋಧ ಎಲ್ಲೇ ಕಾಣಲಿ, ಮೊದಲು ಜಂಟಿ ಚೌಕದ ಒಂಬತ್ತು ಮನೆಗಳನ್ನು ಎರಡೂ ಚೌಕಟ್ಟುಗಳೊಂದಿಗೆ ತಾಳೆ ನೋಡಿ.

"ಇದು ಗಣಿತ ಬಲ್ಲವರ ಆಟ", "ಇದು ಜಪಾನಿನಲ್ಲಿ ಹುಟ್ಟಿದ್ದು" ಎಂಬ ಮಾತುಗಳಿಗೆ ಹೆಚ್ಚು ಹೊತ್ತು ಬೇಡ. ಅಂಕಿಗಳ ಬದಲು ಒಂಬತ್ತು ಅಕ್ಷರ ಬರೆದರೂ ಈ ಆಟ ಬದಲಾಗದು, ಕೂಡುವ ಕಳೆಯುವ ಕೆಲಸವೇ ಇಲ್ಲ. ಈಗಿನ ರೂಪದ ಒಗಟು ಅಮೆರಿಕದ ಡೆಲ್ ಪತ್ರಿಕೆಯಲ್ಲಿ 1979ರಲ್ಲಿ ಅಚ್ಚಾಯಿತು. ಅದನ್ನು ರಚಿಸಿದವರು ಹೋವರ್ಡ್ ಗಾರ್ನ್ಸ್ ಎಂಬ ನಿವೃತ್ತ ವಾಸ್ತುಶಿಲ್ಪಿ ಎಂದು ಬಲ್ಲವರು ಗುರುತಿಸಿದ್ದಾರೆ. ಜಪಾನಿನ ನಿಕೋಲಿ ಸಂಸ್ಥೆ ಅದನ್ನು ತನ್ನ ಓದುಗರಿಗೆ ಕೊಟ್ಟದ್ದು 1984ರಲ್ಲಿ.

ಎಲ್ಲ ಜೋಡಿಗಳೂ ಒಂದೇ ಬಗೆಯವಲ್ಲ ಎಂಬುದನ್ನೂ ನೆನಪಿಡಿ. ಮೂಲೆಗೆ ಮೂಲೆ ಸೇರುವ ಬದಲು ಎರಡು ಚೌಕಟ್ಟುಗಳು ಬರೀ ಮೂರು ಕಂಬಸಾಲುಗಳಷ್ಟು ಸರಿದು ಕೂತರೆ ಆರು ಚೌಕಗಳು ಜಂಟಿಯಾಗುತ್ತವೆ. ಅಲ್ಲಿ ಪ್ರತಿ ಅಡ್ಡಸಾಲೂ 12 ಮನೆಗಳದ್ದು, ಅದರ ಮೊದಲ ಮೂರು ಮನೆಗಳ ಅಂಕಿಗಳೇ ಕೊನೆಯ ಮೂರರಲ್ಲೂ ಬರಬೇಕು. ತತ್ವ ಅದೇ, ಲೆಕ್ಕ ಬೇರೆ.

ಮುಂದಿನ ಸಲ ಜೋಡಿ ಸುಡೊಕು ಸಿಕ್ಕಾಗ ಪುಟ ಮಗುಚಬೇಡಿ. ಪೆನ್ಸಿಲ್ ಹಿಡಿದು, ಜಂಟಿ ಚೌಕವನ್ನು ಹಾಯುವ ಮೂರು ಅಡ್ಡಸಾಲು, ಮೂರು ಕಂಬಸಾಲುಗಳ ಎರಡೂ ತುದಿಗಳನ್ನು ಹೋಲಿಸಿ ನೋಡಿ. ಆರಂಭ ಅಲ್ಲಿಂದಾಗಲಿ.